ಪಾಂಟೂನ್ ದೋಣಿಯ ಅಲ್ಯೂಮಿನಿಯಂ ಟ್ಯೂಬ್: ಕಂದು ಪಟ್ಟೆ, ಬಿಳಿ ಹಕ್ಕಳೆ, ಕಪ್ಪು ಗುಳಿ. ಯಾವ ಆಸಿಡ್, ಯಾವ ಲೇಪ?

ಕೆರೆಯಂಚು

22 ಅಡಿ ಉದ್ದದ ಪಾಂಟೂನ್ ದೋಣಿ. ಡೆಕ್ಕನ್ನು ಹೊತ್ತು ತೇಲಿಸುವ ಎರಡು ಟೊಳ್ಳು ಟ್ಯೂಬ್, ಒಂದೊಂದೂ 25 ಇಂಚು ವ್ಯಾಸ, ಬಣ್ಣ ಬಳಿಯದ ಬರೀ ಅಲ್ಯೂಮಿನಿಯಂ. ಇರುವುದು ಅಮೆರಿಕದ ಮಿನೆಸೋಟದ ಒಂದು ಸರೋವರದಲ್ಲಿ. ಮೇ ತಿಂಗಳಿಂದ ಅಕ್ಟೋಬರ್ ಮೊದಲ ವಾರದ ತನಕ ನೀರಿನಲ್ಲೇ ಕಟ್ಟಿರುತ್ತೆ, ಎತ್ತಿಡಲು ಲಿಫ್ಟ್ ಇಲ್ಲ. ಡಾಕ್‌ನಲ್ಲಿ (ದೋಣಿ ಕಟ್ಟುವ ಕಟ್ಟೆ) 120 ವೋಲ್ಟ್ ಕರೆಂಟ್ ಇದೆ, ಬ್ಯಾಟರಿ ಚಾರ್ಜರ್ ಸದಾ ಸಿಕ್ಕಿಸಿಯೇ ಇರುತ್ತೆ. ಚಳಿಗಾಲ ಪೂರ್ತಿ ಟ್ರೈಲರ್ ಮೇಲೆ.

ಈಗ ನೀರಿಂದ ಎತ್ತಿದ ಮೇಲೆ ಕಾಣುತ್ತಿರುವುದು ಇಷ್ಟು. ನೀರಿನ ಮಟ್ಟದ ಉದ್ದಕ್ಕೂ ನಾಲ್ಕು ಬೆರಳಗಲ ಕಂದು ಪಟ್ಟೆ. ಅದರ ಕೆಳಗೆ ಸುಣ್ಣ ಬಳಿದಂತೆ ಒರಟು ಬಿಳಿ ಹಕ್ಕಳೆ. ಅಲ್ಲಲ್ಲಿ ಜೀಬ್ರಾ ಮಸಲ್ (ಗಟ್ಟಿ ಮೈಗೆ ಅಂಟಿ ಬೆಳೆಯುವ ಸಣ್ಣ ಚಿಪ್ಪುಜೀವಿ) ಚಿಪ್ಪುಗಳು. ಟ್ರೈಲರಿನ ಮರದ ಪಟ್ಟಿ ಮೇಲೆ ಕೂರುವ ಜಾಗದಲ್ಲಿ ಬಿಳಿ ಪುಡಿ. ಅದನ್ನು ಉಗುರಲ್ಲಿ ಕೆರೆದರೆ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಗುಳಿಗಳು.

ಹಾರ್ಡ್‌ವೇರ್ ಅಂಗಡಿಯ ಮ್ಯೂರಿಯಾಟಿಕ್ ಆಸಿಡ್‌ಗೆ ನೀರು ಬೆರೆಸಿ ಹೊಡೆದರೆ ನಿಮಿಷದಲ್ಲಿ ಬೆಳ್ಳಗಾಗುತ್ತೆ ಅಂತಾರೆ. ಹೊಡೆಯಬಹುದೇ? ಕನ್ನಡಿಯಂತೆ ಪಾಲಿಶ್ ಮಾಡಿಸಿದರೆ ಮುಂದೆ ಕೊಳೆ ಹಿಡಿಯುವುದು ಕಡಿಮೆಯಾಗುತ್ತಾ? ಮೇಲೆ ಯಾವ ಲೇಪ ಒಳ್ಳೆಯದು? ಆ ಗುಳಿಗಳಿಗೆ ಏನು ಮಾಡಬೇಕು?

ಲೋಹಪಾಕ

ಮ್ಯೂರಿಯಾಟಿಕ್ ಬೇಡವೇ ಬೇಡ. ಅದು ಹೈಡ್ರೋಕ್ಲೋರಿಕ್ ಆಸಿಡ್. ಅಲ್ಯೂಮಿನಿಯಂ ನೀರಿನಲ್ಲಿ ಬಾಳಿಕೆ ಬರುವುದೇ ಅದರ ಮೈಮೇಲೆ ತಾನಾಗಿ ಕಟ್ಟಿಕೊಳ್ಳುವ ಆಕ್ಸೈಡ್ ಪೊರೆಯಿಂದ. ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ ಅದು, ಗೀಚಿದರೂ ಗಾಳಿ ಸೋಕಿದ ಕೂಡಲೇ ಮತ್ತೆ ಕಟ್ಟಿಕೊಳ್ಳುತ್ತೆ. ಆ ಪೊರೆಗೆ ಹಗೆ ಅಂದರೆ ಕ್ಲೋರೈಡ್. ಅದು ಮೇಲ್ಮೈಯನ್ನು ಒಂದೇ ಸಮ ತಿನ್ನುವುದಿಲ್ಲ, ಎಲ್ಲಿ ಪೊರೆ ಬಡವಾಗಿದೆಯೋ ಅಲ್ಲಿ ಸೂಜಿ ಚುಚ್ಚಿದಂತೆ ಒಳಗಿಳಿಯುತ್ತೆ. ಟ್ರೈಲರ್ ಪಟ್ಟಿ ಬಳಿ ಈಗಾಗಲೇ ಗುಳಿ ಬಿದ್ದಿದೆ ಅಂದಿರಿ. ಆ ಗುಳಿಯೊಳಗೆ ಕ್ಲೋರೈಡ್ ಸೇರಿದರೆ ಎಷ್ಟು ತೊಳೆದರೂ ಪೂರ್ತಿ ಹೊರಬರದು. ಅದರ ಹಬೆ ಪಕ್ಕದ ಸ್ಟೇನ್‌ಲೆಸ್ ಬೋಲ್ಟುಗಳಿಗೂ ತುಕ್ಕು ತರುತ್ತೆ, ಟ್ರೈಲರಿನ ಸತುವಿನ ಲೇಪವನ್ನೂ ಕರಗಿಸುತ್ತೆ.

ಇದರ ಎದುರು ತುದಿಯೂ ಅಷ್ಟೇ ಕೆಟ್ಟದ್ದು. ಆಕ್ಸೈಡ್ ಪೊರೆ ಗಟ್ಟಿಯಾಗಿ ನಿಲ್ಲುವುದು ಹೆಚ್ಚುಕಮ್ಮಿ ಪಿಎಚ್ (ಹುಳಿ-ಕ್ಷಾರದ ಅಳತೆ) 4ರಿಂದ 8.5ರ ನಡುವೆ. ಕಾಸ್ಟಿಕ್ ಸೋಡಾ ಇರುವ ಓವನ್ ಕ್ಲೀನರ್, ಡ್ರೈನ್ ಕ್ಲೀನರ್, ಕಡು ಕ್ಷಾರದ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರವ) ಯಾವುದನ್ನು ಹಚ್ಚಿದರೂ ಮೈ ಕಪ್ಪಾಗಿ ಹೈಡ್ರೋಜನ್ ಗುಳ್ಳೆ ಏಳುತ್ತೆ. ನಮ್ಮ ಮನೆಗಳ ಇಡ್ಲಿ ಪಾತ್ರೆ ನೆನಪು ಮಾಡಿಕೊಳ್ಳಿ. ಗಡಸು ನೀರು ಕುದಿಸಿ ಕುದಿಸಿ ಒಳಗೆ ಕಪ್ಪಾಗುತ್ತೆ. ನೀರಿಗೆ ಚೂರು ಹುಣಸೆಹಣ್ಣೋ ಹಿಂಡಿದ ನಿಂಬೆ ಹೋಳೋ ಹಾಕಿದರೆ ಕಪ್ಪಾಗುವುದಿಲ್ಲ. ದೋಣಿಗೂ ಅದೇ ಲೆಕ್ಕ. ಮೆದು ಹುಳಿ ಅಲ್ಯೂಮಿನಿಯಂಗೆ ಒಗ್ಗುತ್ತೆ, ಕಡು ಹುಳಿಯೂ ಕಡು ಕ್ಷಾರವೂ ಒಗ್ಗುವುದಿಲ್ಲ.

ಒಂದು ಮಾತು ದಯವಿಟ್ಟು ಗಮನಿಸಿ. ಲಾರಿ ತೊಳೆಯುವವರು ಬಳಸುವ ಕೆಲವು ಅಲ್ಯೂಮಿನಿಯಂ ಬ್ರೈಟ್ನರ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತೆ, ಇಲ್ಲವೇ ಅಮೋನಿಯಂ ಬೈಫ್ಲೋರೈಡ್ ಇರುತ್ತೆ. ನೀರಿನಲ್ಲಿ ಎರಡರ ಅಪಾಯವೂ ಒಂದೇ ಬಗೆಯದು. ಚರ್ಮಕ್ಕೆ ತಾಗಿದಾಗ ಮೊದಲು ಉರಿಯೇ ಗೊತ್ತಾಗದಿರಬಹುದು. ಅದು ಒಳಗಿಳಿದು ದೇಹದ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತೆ, ನೋವು ಶುರುವಾಗುವುದು ಗಂಟೆಗಳಾದ ಮೇಲೆ. ಅಷ್ಟರಲ್ಲಿ ಹಾನಿ ಮೂಳೆ ತನಕ ಹೋಗಿರಬಹುದು, ಹೃದಯದ ಬಡಿತವೂ ತಪ್ಪಬಹುದು. ಅಡುಗೆಮನೆಯ ತೆಳು ಕೈಗವಸು ಸಾಲದು. ದಪ್ಪ ನಿಯೋಪ್ರೀನ್ ಕೈಗವಸು, ಮುಖಕ್ಕೆ ಶೀಲ್ಡ್, ಪಕ್ಕದಲ್ಲಿ 2.5% ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇಲ್ಲದೆ ಆ ಬಾಟಲಿಯ ಮುಚ್ಚಳ ತೆಗೆಯಬಾರದು. ತಾಗಿದರೆ ನೀರಿನಲ್ಲಿ ಚೆನ್ನಾಗಿ ತೊಳೆದು, ಜೆಲ್ ಹಚ್ಚಿಕೊಂಡು, ನೋವಿಗೆ ಕಾಯದೆ ನೇರ ಆಸ್ಪತ್ರೆಗೆ. ಮನೆಯಂಗಳದಲ್ಲಿ ಮಾಡುವ ಕೆಲಸಕ್ಕೆ ಇದರ ಅಗತ್ಯ ನನಗಂತೂ ಕಾಣುವುದಿಲ್ಲ. ಲೇಬಲ್‌ನಲ್ಲಿ ಸಿಟ್ರಿಕ್, ಆಕ್ಸಾಲಿಕ್ ಅಥವಾ ಫಾಸ್ಫೋರಿಕ್ ಇದೆಯೇ ನೋಡಿ ಕೊಳ್ಳಿ. ಇನ್ನು ಯಾವ ಆಸಿಡ್ ಆದರೂ ಬ್ಲೀಚ್ ಜೊತೆ ಸೇರಬಾರದು, ಕ್ಲೋರಿನ್ ಗಾಳಿ ಏಳುತ್ತೆ. ಸೀಟು ಒರೆಸಿದ ಬ್ಲೀಚ್ ನೀರು ಟ್ಯೂಬ್ ಮೇಲೆ ಇಳಿದಿದ್ದರೂ ಮೊದಲು ಅದನ್ನು ತೊಳೆದುಬಿಡಿ.

ಹುಟ್ಟುಗೋಲು

ಲೋಹಪಾಕ ಹೇಳಿದ್ದು ಸರಿ. ಕೆಲಸದ ಕ್ರಮ ನಾನು ಬರೀತೀನಿ.

ಮೊದಲು ಅಳತೆ. 25 ಇಂಚು ವ್ಯಾಸ ಅಂದರೆ ಸುತ್ತಳತೆ ಎರಡು ಮೀಟರ್. ಉದ್ದ ಸುಮಾರು 6.7 ಮೀಟರ್. ಒಂದು ಟ್ಯೂಬ್‌ಗೆ 13 ಚದರ ಮೀಟರ್ ಮೇಲೆ, ಎರಡಕ್ಕೆ 27ರ ಹತ್ತಿರ. ಮೇಲಿನ ಕಾಲು ಭಾಗ ಡೆಕ್ ಅಡಿಗೆ ಹೋಗುತ್ತೆ, ಹಾಗಾಗಿ ಕೈಗೆ ಸಿಗುವುದು 20 ಚದರ ಮೀಟರ್. ಆಸಿಡ್ ಆಗಲಿ ಲೇಪವಾಗಲಿ ಈ 20ಕ್ಕೆ ಎಷ್ಟು ಬೇಕು ಅಂತ ಲೇಬಲ್ ನೋಡಿ ಕೊಂಡರೆ ಅರ್ಧದಲ್ಲಿ ಮುಗಿದುಹೋಗುವ ಪೇಚು ಇರಲ್ಲ.

ಎಲ್ಲಕ್ಕಿಂತ ದೊಡ್ಡ ಗುಟ್ಟು ಹೊತ್ತು. ದೋಣಿ ನೀರಿಂದ ಮೇಲೆ ಬಂದ ಗಂಟೆಯೊಳಗೆ, ಮೈ ಇನ್ನೂ ಒದ್ದೆ ಇರುವಾಗಲೇ ಪ್ರೆಷರ್ ವಾಷರ್ ಹಿಡಿದರೆ ಪಾಚಿ, ಲೋಳೆ ಎಲ್ಲಾ ಮೊಸರಿನ ಕೆನೆ ಥರ ಜಾರಿಹೋಗುತ್ತೆ. ಅದೇ ಒಂದು ದಿನ ಬಿಸಿಲಲ್ಲಿ ಒಣಗಿದರೆ ಮೆತ್ತಿದ ಸಿಮೆಂಟೇ. 1500ರಿಂದ 2000 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ), 40 ಡಿಗ್ರಿಯ ಬಿಳಿ ನಳಿಕೆ, ಮೈಯಿಂದ ಒಂದಡಿ ದೂರ. ಸೊನ್ನೆ ಡಿಗ್ರಿಯ ಕೆಂಪು ನಳಿಕೆಯನ್ನು ಪೆಟ್ಟಿಗೆಯಿಂದ ತೆಗೆಯಲೇಬೇಡಿ. ಸ್ಟಿಕರ್, ಸೀಲಂಟ್ ಎಲ್ಲಾ ಕಿತ್ತುಬರುತ್ತೆ.

ಮಸಲ್ ಚಿಪ್ಪುಗಳನ್ನು ಪ್ಲಾಸ್ಟಿಕ್ ಕೆರೆಗೋಲಿನಿಂದ ಮಾತ್ರ ಬಿಡಿಸಿ, ಕಬ್ಬಿಣದ್ದು ಬೇಡ. ಚಿಪ್ಪು ಹೋದರೂ ಅದು ಹಿಡಿದುಕೊಂಡಿದ್ದ ನಾರಿನಂಥ ಎಳೆಗಳು ಉಳಿಯುತ್ತೆ, ಅವನ್ನು ಬಿಳಿ ಸ್ಕಾಚ್‌ಬ್ರೈಟ್ ಪ್ಯಾಡಿನಲ್ಲಿ ಉಜ್ಜಬೇಕು. ಬಿದ್ದ ಚಿಪ್ಪು ಕಸದ ಚೀಲಕ್ಕೆ, ನೀರಿಗಲ್ಲ. ಉತ್ತರ ಅಮೆರಿಕದಲ್ಲಿ ಈ ಜೀವಿ ಮೊದಲು ಸಿಕ್ಕಿದ್ದು 1988ರಲ್ಲಿ, ಲೇಕ್ ಸೇಂಟ್ ಕ್ಲೇರ್ ಸರೋವರದಲ್ಲಿ. ಅಲ್ಲಿಂದ ಇಷ್ಟೆಲ್ಲಾ ಸರೋವರಗಳಿಗೆ ಹರಡಿದ್ದರಲ್ಲಿ ನಮ್ಮಂಥ ದೋಣಿಗಳ ಪಾಲು ದೊಡ್ಡದು. ಮಿನೆಸೋಟದಲ್ಲಿ ನೀರಿಂದ ಹೊರಡುವಾಗ ಡ್ರೈನ್ ಪ್ಲಗ್ (ಒಳಗಿನ ನೀರು ಬಸಿಯುವ ಬಿರಡೆ) ತೆಗೆದೇ ರಸ್ತೆಗಿಳಿಯಬೇಕು ಅನ್ನುವುದು ಕಾನೂನು. ಡಾಕ್, ಲಿಫ್ಟ್‌ಗಳನ್ನು ಬೇರೆ ಸರೋವರಕ್ಕೆ ಹಾಕುವುದಾದರೆ 21 ದಿನ ಒಣಗಿಸಿರಬೇಕು.

ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಒಮ್ಮೆ ಉಜ್ಜಿ ತೊಳೆಯಿರಿ. ಇದನ್ನು ಬಿಟ್ಟರೆ ಜಿಡ್ಡಿರುವ ಕಡೆ ಆಸಿಡ್ ಹತ್ತುವುದಿಲ್ಲ, ಮೈ ಚಿರತೆ ಮೈಯಾಗುತ್ತೆ. ನೀರು ಹಾಕಿದಾಗ ಹನಿಹನಿಯಾಗಿ ಒಡೆಯದೆ ಹಾಳೆಯಂತೆ ಹರಿದರೆ ಜಿಡ್ಡು ಹೋಗಿದೆ ಅಂತ.

ಈಗ ಹುಳಿ. ಒಂದು ಕಿಲೋ ಸಿಟ್ರಿಕ್ ಆಸಿಡ್ ಪುಡಿ, ಹತ್ತು ಲೀಟರ್ ಉಗುರುಬೆಚ್ಚಗಿನ ನೀರು. ಪ್ಲಾಸ್ಟಿಕ್ ಪಂಪ್ ಸ್ಪ್ರೇಯರ್. ನೆರಳಲ್ಲಿ, ಮೈ ಮುಟ್ಟಿದರೆ ತಣ್ಣಗಿರುವಾಗ. ಒಂದು ಮೀಟರ್ ಅಗಲದ ತುಂಡು ಹಿಡಿದು ಕೆಳಗಿನಿಂದ ಮೇಲಕ್ಕೆ ಸಿಂಪಡಿಸಿ. ಮೇಲಿನಿಂದ ಶುರು ಮಾಡಿದರೆ ಒಣ ಮೈಮೇಲೆ ಇಳಿದ ಗೆರೆಗಳು ಆಮೇಲೆ ಹೋಗೋದೇ ಇಲ್ಲ. ಸುಣ್ಣದ ಹಕ್ಕಳೆ ಮೇಲೆ ಬಿದ್ದ ತಕ್ಷಣ ಸಣ್ಣಗೆ ನೊರೆ ಏಳುತ್ತೆ, ಕಿವಿ ಹತ್ತಿರ ಹಿಡಿದರೆ ಸೋಡಾ ಬಾಟಲಿ ತೆಗೆದ ಸದ್ದು. ಅದು ಸುಣ್ಣ ಕರಗುತ್ತಿರುವ ಗುರುತು. ನೊರೆ ನಿಂತರೆ ಸುಣ್ಣ ಮುಗಿಯಿತು ಅಥವಾ ಹುಳಿ ಸತ್ತಿತು. ಇನ್ನೊಮ್ಮೆ ಹೊಡೆದು ನೋಡಿದರೆ ಯಾವುದು ಅಂತ ಗೊತ್ತಾಗುತ್ತೆ. ಹತ್ತು ನಿಮಿಷ, ಒಣಗಲು ಬಿಡದೆ ಮತ್ತೆ ಮತ್ತೆ ಒದ್ದೆ ಮಾಡುತ್ತಾ, ಬಿಳಿ ಪ್ಯಾಡಿನಲ್ಲಿ ಉದ್ದುದ್ದಕ್ಕೆ ಉಜ್ಜಿ ತೊಳೆಯಿರಿ. ಸುತ್ತು ಸುತ್ತಾಗಿ ಉಜ್ಜಿದರೆ ಆ ಸುತ್ತುಗಳು ಬಿಸಿಲಲ್ಲಿ ಎದ್ದು ಕಾಣುತ್ತೆ.

ಆಮೇಲೆ ಉಳಿದ ಕಂದು ಪಟ್ಟೆಗೆ ಆಕ್ಸಾಲಿಕ್ ಆಸಿಡ್, ಲೀಟರಿಗೆ 50 ಗ್ರಾಂ. ಎಲೆ, ಬೇರು ಕೊಳೆತ ನೀರಿನ ಕಂದು ಕರೆ ಮತ್ತು ಕಬ್ಬಿಣದ ಕರೆ ಇದಕ್ಕೆ ಬಗ್ಗುತ್ತೆ. ಆದರೆ ಕ್ರಮ ತಪ್ಪಿಸಬೇಡಿ. ಸುಣ್ಣ ಇನ್ನೂ ಇರುವಾಗಲೇ ಆಕ್ಸಾಲಿಕ್ ಹಾಕಿದರೆ ಕ್ಯಾಲ್ಸಿಯಂ ಆಕ್ಸಲೇಟ್ ಆಗಿ ನೀರಿಗೆ ಕರಗದ ಇನ್ನೊಂದು ಬಿಳಿ ಪದರ ಕೂರುತ್ತೆ, ಅದನ್ನು ತೆಗೆಯೋದು ಮೊದಲಿನದಕ್ಕಿಂತ ಕಷ್ಟ. ಸಿಟ್ರಿಕ್ ಮೊದಲು, ಆಕ್ಸಾಲಿಕ್ ಆಮೇಲೆ. ಪುಡಿ ವಿಷ, ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಂಡೇ ಕಲಸಿ.

ಇವೆರಡಕ್ಕೂ ಬಗ್ಗದಿದ್ದರೆ ಮಾತ್ರ ಫಾಸ್ಫೋರಿಕ್ ಇರುವ ಪಾಂಟೂನ್ ಕ್ಲೀನರ್. ಹಿಂಬದಿಯಲ್ಲಿ, ಕಣ್ಣಿಗೆ ಬೀಳದ ಕಡೆ ಒಂದಡಿ ಚೌಕ ಹಚ್ಚಿ ನೋಡಿ. ಎರಡು ಮೂರು ನಿಮಿಷ ಸಾಕು. ಬರೀ ಲೋಹದಿಂದಲೇ ಗುಳ್ಳೆ ಎದ್ದು ಮೈ ಬೂದಿ ಬಣ್ಣಕ್ಕೆ ತಿರುಗಿದರೆ ಕರಗುತ್ತಿರುವುದು ಕೊಳೆಯಲ್ಲ, ಅಲ್ಯೂಮಿನಿಯಂ. ಆ ಕ್ಷಣವೇ ನೀರು ಬಿಡಿ.

ಕೊನೆಗೆ ಹತ್ತು ಲೀಟರ್ ನೀರಿಗೆ ಅರ್ಧ ಕಿಲೋ ಅಡುಗೆ ಸೋಡಾ ಕಲಸಿ ಮೈಗೆಲ್ಲಾ ಹೊಡೆದು ಮತ್ತೆ ಶುದ್ಧ ನೀರು. ಬೆಸುಗೆಯ ಅಂಚು, ಟ್ಯೂಬ್ ಮತ್ತು ಬ್ರಾಕೆಟ್ ಸೇರುವ ಸಂದು ಇಲ್ಲೆಲ್ಲಾ ಹುಳಿ ಕೂತಿರುತ್ತೆ. ಟ್ರೈಲರನ್ನು ಮೊದಲೇ ನೀರಲ್ಲಿ ನೆನೆಸಿ, ಪ್ಲಾಸ್ಟಿಕ್ ಹೊದಿಸಿ. ಈ ಕೆಲಸ ಸರೋವರದ ದಂಡೆಯಲ್ಲಿ ಅಥವಾ ರ‍್ಯಾಂಪ್ ಮೇಲೆ ಮಾಡುವಂತಿಲ್ಲ. ತೊಳೆದ ನೀರು ಸರೋವರಕ್ಕೆ ಹರಿಯದಂಥ ಜಾಗ ಬೇಕು.

ಸ್ಟೀಲ್ ಉಣ್ಣೆ ಬೇಡ. ಮುರಿದ ಕಬ್ಬಿಣದ ಎಳೆ ಮೆತ್ತಗಿನ ಅಲ್ಯೂಮಿನಿಯಂಗೆ ಚುಚ್ಚಿಕೊಂಡು, ಒಂದೊಂದು ಎಳೆಯ ಸುತ್ತಲೂ ಒಂದೊಂದು ಗುಳಿ ಶುರುವಾಗುತ್ತೆ. ತಾಮ್ರ ಇರೋದರಿಂದ ಕಂಚಿನ ಉಣ್ಣೆಯೂ ಅಷ್ಟೇ.

ಕೆರೆಯಂಚು

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಉಪಕಾರ. ಸಿಟ್ರಿಕ್, ಆಕ್ಸಾಲಿಕ್ ಎರಡೂ ತರಿಸುತ್ತೇನೆ. ಪಾಲಿಶ್ ಮತ್ತು ಲೇಪದ ಬಗ್ಗೆ? ಪ್ರತಿ ವರ್ಷ ಹೀಗೆ ಹುಳಿ ಹಾಕಿ ತೊಳೆಯುತ್ತಾ ಹೋದರೆ ಸಾಕೇ?

ಬೆಳ್ಳಿಬೆಳಕು

ಪ್ರತಿ ವರ್ಷ ಆಸಿಡ್ ಬೇಡ. ಹುಳಿ ಹಾಕಿದಾಗಲೆಲ್ಲಾ ಮೇಲ್ಮೈ ಸೂಕ್ಷ್ಮವಾಗಿ ಒರಟಾಗುತ್ತೆ. ಕಣ್ಣಿಗೆ ಬೆಳ್ಳಗೆ ಕಂಡರೂ ಆ ಒರಟಿನಲ್ಲಿ ಪಾಚಿಗೆ, ಸುಣ್ಣಕ್ಕೆ ಹಿಡಿತ ಇನ್ನೂ ಚೆನ್ನಾಗಿ ಸಿಗುತ್ತೆ. ಹೋದ ವರ್ಷಕ್ಕಿಂತ ಈ ವರ್ಷ ಬೇಗ ಕೊಳೆಯಾಯಿತು ಅನ್ನುವ ದೂರು ಬರುವುದು ಇದರಿಂದಲೇ. ಒಮ್ಮೆ ಸರಿಯಾಗಿ ತೊಳೆದು, ಅದೇ ಮೈಗೆ ಲೇಪ ಹಾಕಿ, ಆಮೇಲೆ ಬರೀ ಸೋಪು ನೀರಲ್ಲಿ ನಿಭಾಯಿಸುವುದು ಜಾಣತನ.

ಕನ್ನಡಿ ಪಾಲಿಶ್ ವಿಷಯ ನೇರವಾಗಿ ಹೇಳುತ್ತೇನೆ: ನೀರಿನೊಳಗೆ ಇರುವ ಭಾಗಕ್ಕೆ ಅದು ದಂಡ. ಕಾರ್ಖಾನೆಯಿಂದ ಬಂದ ಮೈಗೆ 320, 400, 600, 800 ಗ್ರಿಟ್ (ಅಂಕಿ ಏರಿದಷ್ಟೂ ನಯ) ಉಪ್ಪುಕಾಗದದ ಹಾಳೆ ಒಂದಾದ ಮೇಲೊಂದು ಹಿಡಿದು, ಪ್ರತಿ ಹಂತದಲ್ಲೂ ಹಿಂದಿನ ಗೀರು ಪೂರ್ತಿ ಹೋಗುವ ತನಕ ಉಜ್ಜಿ, ಆಮೇಲೆ ರೋಟರಿ ಯಂತ್ರಕ್ಕೆ ಉಣ್ಣೆ ಪ್ಯಾಡ್ ಹಾಕಿ ನಿಮಿಷಕ್ಕೆ 1500ರಿಂದ 2000 ಸುತ್ತಿನಲ್ಲಿ ಪಾಲಿಶ್ ಕಾಂಪೌಂಡ್ ಹಿಡಿಯಬೇಕು. ಒಂದು ಹಂತ ಹಾರಿಸಿದರೆ ಕೊನೆಯ ಹೊಳಪಿನಡಿಯಲ್ಲಿ ಹಳೆಯ ಗೀರು ಎದ್ದು ಕಾಣುತ್ತೆ, ಮತ್ತೆ ಹಿಂದಕ್ಕೆ ಹೋಗಬೇಕು. ಇಷ್ಟೆಲ್ಲಾ ಮಾಡಿದ ಹೊಳಪು ಒಂದು ಬೇಸಿಗೆ ನೀರಲ್ಲಿ ನಿಂತರೆ ಮಂಕಾಗುತ್ತೆ. ಮಾಡಲೇಬೇಕು ಅಂದರೆ ನೀರಿನ ಮಟ್ಟದ ಮೇಲೆ, ಹೊರಗಡೆ ಕಾಣುವ ಪಟ್ಟಿಗೆ ಮಾತ್ರ ಮಾಡಿ. ಹಾಳೆಯನ್ನು ಒದ್ದೆ ಮಾಡಿಕೊಂಡು ಉಜ್ಜಿ. ಒಣ ಅಲ್ಯೂಮಿನಿಯಂ ಧೂಳು ಬೆಂಕಿ ಹಿಡಿಯುವಂಥದ್ದು, ಕಬ್ಬಿಣ ಉಜ್ಜಿದ ಗ್ರೈಂಡರಿನ ಧೂಳಿನ ಜೊತೆ ಅದು ಸೇರಲೇಬಾರದು. ಪಾಲಿಶ್ ಆದ ಮೇಲೆ ಉಳಿಯುವ ಕಪ್ಪು ಜಿಡ್ಡಿಗೆ ಮೈದಾ ಹಿಟ್ಟು ಉದುರಿಸಿ ಹತ್ತಿಬಟ್ಟೆಯಲ್ಲಿ ಒರೆಸಿ. ಹಿಟ್ಟು ಜಿಡ್ಡನ್ನು ಹೀರಿಕೊಂಡು ಕಪ್ಪು ಉಂಡೆಯಾಗಿ ಬಟ್ಟೆಗೆ ಬರುತ್ತೆ, ಅಡಿಯಲ್ಲಿ ನಿಜವಾದ ಹೊಳಪು ಆಗ ಕಾಣುತ್ತೆ.

ಲೇಪಕ್ಕೆ ಬರೋಣ. ಕಾರಿನ ಮೇಣ ನೀರಿನಡಿಯಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಪಾಂಟೂನ್‌ಗೆ ಜನ ಹೆಚ್ಚಾಗಿ ಬಳಸುವುದು ಶಾರ್ಕ್‌ಹೈಡ್, ನ್ಯಾಲಿಕ್ ಥರದ ಪಾರದರ್ಶಕ ಲೇಪ. ಇವು ಚೆನ್ನಾಗಿ ನಿಲ್ಲುವುದು ಲೋಹಕ್ಕೆ ನೇರ ಅಂಟಿದಾಗ ಮಾತ್ರ. ತೊಳೆದ ಮೈ ಪೂರ್ತಿ ಒಣಗಬೇಕು, ಬೆಸುಗೆ ಸಂದಿನಲ್ಲಿ ನೀರು ಕೂತಿರಬಾರದು. ಒಂದು ದಿನ ಬಿಟ್ಟು, ಬೆಳಗಿನ ಇಬ್ಬನಿ ಆರಿದ ಮೇಲೆ ಶುರು ಮಾಡಿ. ಹಚ್ಚುವ ಮುನ್ನ ಲೇಬಲ್ ಹೇಳಿದ ದ್ರಾವಕದಲ್ಲಿ ಒರೆಸಿ, ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ. ಆಮೇಲೆ ನೂಲು ಬಿಡದ ಬಟ್ಟೆಯಲ್ಲಿ ತೆಳ್ಳಗೆ, ಒಂದೇ ದಿಕ್ಕಿನಲ್ಲಿ ಎಳೆಯುತ್ತಾ ಹೋಗಿ. ಅರ್ಧ ಒಣಗಿದ ಜಾಗಕ್ಕೆ ಮತ್ತೆ ಕೈ ಆಡಿಸಿದರೆ ಅಲ್ಲಿ ಗೆರೆ ಕೂರುತ್ತೆ. ದ್ರಾವಕದ ಹಬೆ ತಲೆ ಸುತ್ತಿಸುತ್ತೆ. ಬಯಲಲ್ಲಿ, ಆರ್ಗ್ಯಾನಿಕ್ ವೇಪರ್ ಮಾಸ್ಕ್ ಹಾಕಿಕೊಂಡು, ಬೆಂಕಿ ಕಿಡಿ ಹತ್ತಿರವಿಲ್ಲದೆ ಮಾಡುವ ಕೆಲಸ ಇದು.

ಲೇಪ ಹಾಕಿದ್ದರಿಂದ ಪಾಚಿಯೋ ಮಸಲ್ಲೋ ಹತ್ತದೆ ಇರುವುದಿಲ್ಲ, ಹತ್ತುತ್ತೆ. ಆದರೆ ಅಕ್ಟೋಬರಿನಲ್ಲಿ ಬರೀ ನೀರಿನ ಒತ್ತಡಕ್ಕೇ ಬಿಟ್ಟುಬರುತ್ತೆ, ಆಸಿಡ್ ಬಾಟಲಿ ತೆಗೆಯುವ ಪ್ರಸಂಗ ಬರುವುದಿಲ್ಲ. ದುಡ್ಡು ಕೊಡುವುದು ಅದಕ್ಕೆ. ಲೇಪ ಗೀಚಿಹೋದ ಕಡೆ ಅಂಚಿನಿಂದ ಒಳಕ್ಕೆ ಬಿಳಿ ದಾರದಂಥ ಗೆರೆ ಹರಿಯತೊಡಗಿದರೆ ಅದರ ಮೇಲೆಯೇ ಹಚ್ಚಬೇಡಿ. ಆ ತುಂಡನ್ನು ದ್ರಾವಕದಿಂದ ಬರೀ ಲೋಹಕ್ಕೆ ಇಳಿಸಿ ಹೊಸದಾಗಿ ಹಾಕಿ.

ಪಾಚಿ ತಡೆಯುವ ಬಣ್ಣ ಬೇಕೇ ಅಂದರೆ, ಚಳಿಗಾಲಕ್ಕೆ ಮೇಲೆತ್ತುವ ಸಿಹಿನೀರಿನ ದೋಣಿಗೆ ಬೇಡ. ವರ್ಷವಿಡೀ ನೀರಲ್ಲಿರುವವರಿಗಾದರೆ: ಕ್ಯೂಪ್ರಸ್ ಆಕ್ಸೈಡ್ (ತಾಮ್ರದ ಸಂಯುಕ್ತ) ಇರುವ ಮಾಮೂಲಿ ಬಣ್ಣವನ್ನು ಅಲ್ಯೂಮಿನಿಯಂಗೆ ಹಚ್ಚುವುದು ಟ್ಯೂಬ್‌ಗೆ ತಾಮ್ರದ ತಗಡು ಸುತ್ತಿ ನೀರಿಗೆ ಬಿಟ್ಟಂತೆ. 80 ಗ್ರಿಟ್‌ನಲ್ಲಿ ಉಜ್ಜಿ, ಗಂಟೆಯೊಳಗೆ, ಆಕ್ಸೈಡ್ ದಪ್ಪವಾಗುವ ಮೊದಲೇ ಪ್ರೈಮರಿನ ಮೊದಲ ಪದರ, ಅದರ ಮೇಲೆ ಎಪಾಕ್ಸಿ ತಡೆಪದರಗಳು, ಆಮೇಲೆ ತಾಮ್ರವಿಲ್ಲದ ಬಣ್ಣ.

ಟಿಗ್‌ಟಾರ್ಚ್

ಗುಳಿಗಳ ಬಗ್ಗೆ ಯಾರೂ ಇನ್ನೂ ಹೇಳಿಲ್ಲ. ಈ ಪ್ರಶ್ನೆಯಲ್ಲಿ ನಿಜವಾಗಿ ಭಯಪಡಬೇಕಾದ್ದು ಅದೊಂದೇ. ಕಂದು ಪಟ್ಟೆಯಿಂದ ದೋಣಿ ಮುಳುಗುವುದಿಲ್ಲ.

ಟ್ರೈಲರ್ ಪಟ್ಟಿಯ ಮರ ಯಾವುದು ನೋಡಿ. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರ ಕೊಳೆಯದಂತೆ ಮಾಡುವ ಹಳೆಯ ಸಿಸಿಎ (ಕ್ರೋಮಿಯಂ, ತಾಮ್ರ, ಆರ್ಸೆನಿಕ್) ಉಪಚಾರ ನಿಂತು ಎಸಿಕ್ಯೂ ಅನ್ನುವ ತಾಮ್ರದ ಉಪಚಾರ ಬಂತು. ಅದರಲ್ಲಿ ತಾಮ್ರದ ಪಾಲು ಇನ್ನೂ ಹೆಚ್ಚು. ಹಸಿರು ಛಾಯೆಯ ಆ ಮರಕ್ಕೆ ಕಾರ್ಪೆಟ್ ಸುತ್ತಿ, ಒದ್ದೆ ದೋಣಿಯನ್ನು ಮೇಲೆ ಕೂರಿಸಿ ಆರು ತಿಂಗಳು ಬಿಟ್ಟರೆ ಏನಾಗುತ್ತೆ? ಕಾರ್ಪೆಟ್ ಒಣಗುವುದಿಲ್ಲ, ಮರದ ತಾಮ್ರ ನೀರಿಗೆ ಇಳಿದು ಅಲ್ಯೂಮಿನಿಯಂ ಮೇಲೆ ಚುಕ್ಕೆ ಚುಕ್ಕೆಯಾಗಿ ಕೂರುತ್ತೆ. ಒಂದೊಂದು ಚುಕ್ಕೆಯೂ ಒಂದು ಪುಟ್ಟ ಬ್ಯಾಟರಿ, ಕರಗುವ ತುದಿ ನಿಮ್ಮ ಟ್ಯೂಬ್. ತಾಮ್ರವಿಲ್ಲದಿದ್ದರೂ ಒದ್ದೆ ಕಾರ್ಪೆಟ್ ಅಡಿ ಗಾಳಿ ಸಿಗದೆ ಆಕ್ಸೈಡ್ ಪೊರೆ ಮತ್ತೆ ಕಟ್ಟಿಕೊಳ್ಳಲಾಗದು. ಮರವನ್ನು ಉಪಚಾರವಿಲ್ಲದ ಮರಕ್ಕೆ ಬದಲಿಸಿ, ಕಾರ್ಪೆಟ್ ಕಿತ್ತು ಪ್ಲಾಸ್ಟಿಕ್ ಪಟ್ಟಿ ಹೊಡೆಯಿರಿ. ಸ್ಕ್ರೂ ತಲೆಗಳು ಪ್ಲಾಸ್ಟಿಕ್ಕಿನೊಳಗೆ ಹುದುಗಿರಲಿ. ಪ್ಲಾಸ್ಟಿಕ್ ಮೇಲೆ ದೋಣಿ ಬೇಗ ಜಾರುತ್ತೆ ಅನ್ನುವುದು ನೆನಪಿರಲಿ, ರ‍್ಯಾಂಪಿನಲ್ಲಿ ನೀರು ಮುಟ್ಟುವ ತನಕ ವಿಂಚಿನ ಪಟ್ಟಿ ಬಿಚ್ಚಬೇಡಿ.

ಈಗ ಆಳ. ಟ್ಯೂಬ್ ಸಾಮಾನ್ಯವಾಗಿ 5052 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹ, ದಪ್ಪ 0.080ರಿಂದ 0.125 ಇಂಚು, ಅಂದರೆ 2.0ರಿಂದ 3.2 ಮಿ.ಮೀ. ನಿಮ್ಮದು ಎಷ್ಟು ಅಂತ ತಯಾರಕರ ವಿವರದಲ್ಲಿ ನೋಡಿ. ಸ್ಟೇನ್‌ಲೆಸ್ ಬ್ರಷ್‌ನಲ್ಲಿ, ಅಲ್ಯೂಮಿನಿಯಂಗೆಂದೇ ಇಟ್ಟ ಬ್ರಷ್‌ನಲ್ಲಿ, ಗುಳಿಯ ಬಿಳಿ ಪುಡಿ ಪೂರ್ತಿ ತೆಗೆದು ಸೂಜಿ ಮೊನೆಯ ಡೆಪ್ತ್ ಗೇಜ್ ಇಳಿಸಿ. ಮೇಲೆ ಸಾಸಿವೆಯಷ್ಟು ಕಂಡದ್ದು ಒಳಗೆ ಕಡಲೆಯಷ್ಟು ಅಗಲವಾಗಿರುವುದೂ ಉಂಟು. ಗೋಡೆಯ ಅರ್ಧಕ್ಕಿಂತ ಕಡಿಮೆ ಆಳ, ಅಲ್ಲೊಂದು ಇಲ್ಲೊಂದು ಇದ್ದರೆ ಸ್ವಚ್ಛ ಮಾಡಿ, ಅಸಿಟೋನ್‌ನಲ್ಲಿ ಒರೆಸಿ, ಲೋಹಕ್ಕೆ ಹಿಡಿಯುವ ಮೆರೈನ್ ಎಪಾಕ್ಸಿ ತುಂಬಿದರೆ ಸಾಕು. ಅರ್ಧ ದಾಟಿದರೆ, ಇಲ್ಲವೇ ಜೇನುಗೂಡಿನಂತೆ ಒತ್ತೊತ್ತಾಗಿದ್ದರೆ ಒಂದೊಂದನ್ನೇ ಬೆಸೆಯಲು ಹೋಗಬೇಡಿ. ತೆಳುವಾದ ಅಂಚು ಕರಗಿ ತೂತು ದೊಡ್ಡದಾಗುತ್ತೆ. ಮೂಲೆ ದುಂಡಗೆ ಮಾಡಿದ 5052 ತಗಡಿನ ತೇಪೆ ಇಟ್ಟು, 5356 ಮಿಶ್ರಲೋಹದ ಕಡ್ಡಿಯಲ್ಲಿ ಟಿಗ್ (ಟಂಗ್‌ಸ್ಟನ್ ಮೊನೆಯ ವಿದ್ಯುತ್) ಬೆಸುಗೆ ಮಾಡಿಸಿ. ಬೆಸೆಯುವಾಗ ಟ್ಯೂಬಿನೊಳಗಿನ ಆ ಕೋಣೆಯ ಪ್ಲಗ್ ತೆರೆದಿರಲೇಬೇಕು. ಒಳಗಿನ ಗಾಳಿ ಕಾದು ಉಬ್ಬಿದರೆ ಕರಗಿದ ಲೋಹವನ್ನು ಹೊರಕ್ಕೆ ಊದಿಬಿಡುತ್ತೆ.

ಸೋರಿಕೆ ನೋಡುವಾಗ ಆಗುವ ದೊಡ್ಡ ಅನಾಹುತ ಕಂಪ್ರೆಸರ್ ನೇರ ಸಿಕ್ಕಿಸುವುದು. 2 ಪಿಎಸ್ಐ ಸಾಕು, ಅದಕ್ಕಿಂತ ಒಂದಿಷ್ಟೂ ಬೇಡ. ಕಮ್ಮಿ ಅನ್ನಿಸಿದರೆ ಲೆಕ್ಕ ಹಾಕಿ: 25 ಇಂಚಿನ ತುದಿ ಮುಚ್ಚಳದ ವಿಸ್ತೀರ್ಣ 491 ಚದರ ಇಂಚು. 2 ಪಿಎಸ್ಐ ಅಂದರೆ ಅದರ ಮೇಲೆ 445 ಕಿಲೋ ಒತ್ತಡ. ಹತ್ತಕ್ಕೆ ಏರಿಸಿದರೆ ಎರಡು ಟನ್ ದಾಟುತ್ತೆ, ಬೆಸುಗೆ ಸೀಳುತ್ತೆ ಅಥವಾ ಒಳಗಿನ ಅಡ್ಡಗೋಡೆ ಮಡಚಿಕೊಳ್ಳುತ್ತೆ. ರೆಗ್ಯುಲೇಟರ್ ಮತ್ತು ಸಣ್ಣ ಅಳತೆಯ ಗೇಜ್ ಹಾಕಿ, ಸೋಪಿನ ನೀರು ಬಳಿದು ಗುಳ್ಳೆ ನೋಡಿ. ಬಿಸಿಲು ಬಿದ್ದರೆ ಒಳಗಿನ ಗಾಳಿ ಕಾದು ಒತ್ತಡ ತಾನೇ ಏರುತ್ತೆ, ಹಾಗಾಗಿ ಇದೂ ನೆರಳಿನ ಕೆಲಸವೇ.

ಹೊಳೆದೀಪ

ಚಾರ್ಜರ್ ಸದಾ ಸಿಕ್ಕಿಸಿರುತ್ತೆ ಅಂದಿರಲ್ಲ, ಅಲ್ಲಿ ನಿಲ್ಲಿ. ಡಾಕ್ ಕರೆಂಟಿನ ಹಸಿರು ಅರ್ಥ್ ತಂತಿ ನಿಮ್ಮ ದೋಣಿಯ ಲೋಹವನ್ನು ಅದೇ ಸಾಲಿನಲ್ಲಿರುವ ಬೇರೆ ದೋಣಿಗಳ ಲೋಹಕ್ಕೆ, ಉಕ್ಕಿನ ದಡಗೋಡೆಗೆ ಜೋಡಿಸಿಬಿಡುತ್ತೆ. ನೀರು ನಡುವಿನ ದ್ರವ. ಕಬ್ಬಿಣ, ಸ್ಟೇನ್‌ಲೆಸ್, ಕಂಚು ಎಲ್ಲದರ ಮುಂದೆ ಅಲ್ಯೂಮಿನಿಯಂ ಸೋಲುವ ಲೋಹ, ಅವರೆಲ್ಲರನ್ನೂ ಉಳಿಸಲು ನಿಮ್ಮ ಟ್ಯೂಬ್ ಕರಗುತ್ತೆ. ಚಾರ್ಜ್ ಆದ ಮೇಲೆ ಪ್ಲಗ್ ಕಿತ್ತಿಡುವುದು ಖರ್ಚಿಲ್ಲದ ದಾರಿ. ಸಣ್ಣ ಸೋಲಾರ್ ಚಾರ್ಜರ್ ಇನ್ನೂ ಒಳ್ಳೆಯದು. ಕರೆಂಟು ಬೇಕೇ ಬೇಕು ಅಂದರೆ ಗ್ಯಾಲ್ವಾನಿಕ್ ಐಸೊಲೇಟರ್ (ಅರ್ಥ್ ತಂತಿಯ ಮೂಲಕ ಹರಿಯುವ ಆ ಸಣ್ಣ ಕರೆಂಟನ್ನು ತಡೆಯುವ ಸಾಧನ) ಹಾಕಿಸಿ. ಯಾವ ಕಾರಣಕ್ಕೂ ಅರ್ಥ್ ತಂತಿಯನ್ನೇ ಕತ್ತರಿಸಬೇಡಿ. ಸಿಹಿನೀರಿನಲ್ಲಿ 120 ವೋಲ್ಟ್ ಸೋರಿದರೆ ಪಕ್ಕದಲ್ಲಿ ಈಜುವವರ ಮೈ ಮರಗಟ್ಟಿ ಮುಳುಗುತ್ತಾರೆ, ಹಾಗೆ ಮಕ್ಕಳೂ ಹೋಗಿದ್ದಾರೆ. ಕರೆಂಟಿರುವ ಡಾಕ್ ಸುತ್ತ ಈಜಬಾರದು, ಅಷ್ಟೇ.

ದೋಣಿಯೊಳಗಿನ ಸೋರಿಕೆ ನೋಡಲು ಎಲ್ಲಾ ಸ್ವಿಚ್ ಆಫ್ ಮಾಡಿ, ಬ್ಯಾಟರಿಯ ಧನ ತುದಿ ಬಿಚ್ಚಿ, ತುದಿಗೂ ತಂತಿಗೂ ನಡುವೆ ಮಲ್ಟಿಮೀಟರನ್ನು ಮಿಲಿಆಂಪಿಯರ್‌ನಲ್ಲಿ ಇಡಿ. ರೇಡಿಯೋದ ನೆನಪಿಗೆ ಹೋಗುವ ಅಲ್ಪಸ್ವಲ್ಪ ಬಿಟ್ಟು ಏನಾದರೂ ಹರಿಯುತ್ತಿದ್ದರೆ ಫ್ಯೂಸ್ ಒಂದೊಂದಾಗಿ ತೆಗೆದು ಯಾವ ದಾರಿ ಅಂತ ಹಿಡಿಯಿರಿ. ಡೆಕ್ ಅಡಿಯಲ್ಲಿ ಉಜ್ಜಿ ಸವೆದ ತಂತಿ ಟ್ಯೂಬ್ ಬ್ರಾಕೆಟ್ಟಿಗೆ ತಾಗಿರುವುದು ಹೆಚ್ಚಾಗಿ ಸಿಗುತ್ತೆ.

ಆನೋಡ್ (ಟ್ಯೂಬಿಗಿಂತ ಮೊದಲು ತಾನು ಕರಗಿ ಅದನ್ನು ಕಾಯುವ ಲೋಹದ ತುಂಡು) ಇದೆಯೇ ನೋಡಿ. ಸಿಹಿನೀರಿಗೆ ಮೆಗ್ನೀಸಿಯಂ. ಸತುವಿನ ಆನೋಡ್ ಸಿಹಿನೀರಿನಲ್ಲಿ ಹಕ್ಕಳೆ ಕಟ್ಟಿ ಸುಮ್ಮನೆ ಕೂರುತ್ತೆ. ಎರಡು ವರ್ಷವಾದರೂ ಸವೆದೇ ಇಲ್ಲ ಅಂದರೆ ಅದು ಬಾಳಿಕೆಯಲ್ಲ, ಕೆಲಸವನ್ನೇ ಮಾಡಿಲ್ಲ ಅಂತ ಅರ್ಥ. ಕೂರುವ ಜಾಗ ಹೊಳೆಯುವ ಲೋಹವಾಗಿರಲಿ, ಅಲ್ಲಿಗೆ ಪಾರದರ್ಶಕ ಲೇಪವೂ ಬೇಡ. ಆನೋಡಿಗೂ ಟ್ಯೂಬಿಗೂ ನಡುವೆ 1 ಓಮ್‌ಗಿಂತ ಕಡಿಮೆ ತೋರಬೇಕು. ಅರ್ಧ ಸವೆದಾಗ ಬದಲಿಸಿ. ಆನೋಡ್ ಮೇಲೆ ಬಣ್ಣ ಬಳಿದರೆ ಅದು ಬರೀ ಭಾರ.

ಸ್ಟೇನ್‌ಲೆಸ್ ಬೋಲ್ಟ್ ಹಾಕುವ ಪ್ರತಿ ಕಡೆ ಎರಡು ಲೋಹಗಳನ್ನು ಬೇರ್ಪಡಿಸುವ ಟೆಫ್‌ಜೆಲ್ ಅಥವಾ ಡ್ಯುರಲ್ಯಾಕ್ ಲೇಪ ಹಚ್ಚಿ. ಹಿತ್ತಾಳೆಯ ನಲ್ಲಿ, ತಾಮ್ರದ ಚೂರು ತಂತಿ ಡೆಕ್ ಅಡಿ ಬಿದ್ದಿರದಂತೆ ನೋಡಿಕೊಳ್ಳಿ.

ಅಳಿವೆಬಾಗಿಲು

ಇದೇ ವಿಷಯಕ್ಕೆ ಹೊಂದಿದ ಪ್ರಶ್ನೆ. ಹೊನ್ನಾವರದ ಕಡೆ ಶರಾವತಿ ಅಳಿವೆಯಲ್ಲಿ ಅಲ್ಯೂಮಿನಿಯಂ ದೋಣಿ ಇಡುವುದಾದರೆ ಯಾವ ಆನೋಡ್? ಮಳೆಗಾಲದಲ್ಲಿ ನೀರು ಸಿಹಿ, ಬೇಸಿಗೆಯಲ್ಲಿ ಉಪ್ಪು.

ಹೊಳೆದೀಪ

ಅಂಥ ನೀರಿಗೆ ಅಲ್ಯೂಮಿನಿಯಂ ಆನೋಡ್. ಹೆಸರು ಒಂದೇ ಆದರೂ ಅದರಲ್ಲಿ ಸತು, ಇಂಡಿಯಂ ಬೆರೆಸಿ ಟ್ಯೂಬಿಗಿಂತ ಮೊದಲು ಕರಗುವಂತೆ ಮಾಡಿರುತ್ತಾರೆ. ಉಪ್ಪುನೀರಿನಲ್ಲೂ, ಅರೆ ಉಪ್ಪು ನೀರಿನಲ್ಲೂ ಕೆಲಸ ಮಾಡುತ್ತೆ. ಮೆಗ್ನೀಸಿಯಂ ಹಾಕಬೇಡಿ: ಉಪ್ಪು ಏರಿದಾಗ ಬೇಗಬೇಗ ಕರಗಿ, ಟ್ಯೂಬ್ ಮೈಯಲ್ಲಿ ಕ್ಷಾರ ಹುಟ್ಟಿಸಿ, ಕಾಯಬೇಕಾದ ಅಲ್ಯೂಮಿನಿಯಂಗೇ ಹೊಡೆತ ಕೊಡುತ್ತೆ, ಬಣ್ಣವನ್ನೂ ಗುಳ್ಳೆಯೆಬ್ಬಿಸುತ್ತೆ. ಉಪ್ಪುನೀರಿನಿಂದ ಎತ್ತಿದ ದಿನವೇ ಬೆಸುಗೆ ಸಂದುಗಳಿಗೆ ಸಿಹಿನೀರು ಬಿಟ್ಟು ತೊಳೆಯಿರಿ. ಚಿಪ್ಪುಹುಳು ಹತ್ತಿದರೆ ಒಣಗುವ ಮುನ್ನ ಪ್ಲಾಸ್ಟಿಕ್ ಕೆರೆಗೋಲು, ಉಳಿದ ಸುಣ್ಣದ ಬಿಲ್ಲೆಗೆ ಮೇಲೆ ಹೇಳಿದ ಸಿಟ್ರಿಕ್.

ಕೆರೆಯಂಚು

ಮರ ನೋಡಿದೆ, ಹಸಿರು ಛಾಯೆಯದ್ದೇ, ಮೇಲೆ ಕಾರ್ಪೆಟ್ ಇನ್ನೂ ಹಸಿ. ಚಾರ್ಜರ್ ಕಿತ್ತಾಯಿತು. ಆರು ಗುಳಿ ಅಳೆದೆ: ಐದು 0.4ರಿಂದ 0.7 ಮಿ.ಮೀ., ಒಂದು 1.4. ಗೋಡೆ ದಪ್ಪ 0.100 ಇಂಚು.

ಟಿಗ್‌ಟಾರ್ಚ್

0.100 ಇಂಚು ಅಂದರೆ 2.5 ಮಿ.ಮೀ. ಐದಕ್ಕೆ ಎಪಾಕ್ಸಿ ಸಾಕು. 1.4ರದ್ದು ಅರ್ಧ ದಾಟಿದೆ, ಅದಕ್ಕೆ ಅಂಗೈಯಗಲದ ತೇಪೆ ಹಾಕಿಸಿ. ಬೆಸುಗೆ ಮತ್ತು 2 ಪಿಎಸ್ಐ ಪರೀಕ್ಷೆ ಮೊದಲು, ಎಪಾಕ್ಸಿ ಆಮೇಲೆ, ಲೇಪ ಎಲ್ಲಕ್ಕಿಂತ ಕೊನೆಗೆ. ಲೇಪ ಹಾಕಿದ ಮೈಮೇಲೆ ಬೆಸುಗೆ ಕೂರುವುದಿಲ್ಲ. ಪಟ್ಟಿ ಬದಲಿಸುವ ತನಕ ದೋಣಿಯನ್ನು ಆ ಕಾರ್ಪೆಟ್ ಮೇಲೆ ಬಿಡಬೇಡಿ. ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ತೂರಿಸಿದರೂ ಸದ್ಯಕ್ಕೆ ತಾಮ್ರ ತಾಗುವುದು ನಿಲ್ಲುತ್ತೆ.